ಎರಡು ರಬ್ಬರ್ ಬೆರೆಸಿ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸೂಕ್ಷ್ಮ ನಳಿಕೆ) ಹಾಕಿದರೆ ಅದು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆಯೇ?

ಇಲ್ಲ, ಅದಕ್ಕೂ ಒಲವು ಇದೆ. ನಮ್ಮ ಕೊಪ್ಪದ ಕಡೆ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹತ್ತಿದ ಮೇಣ ನೀರಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆ ಸವರಿದರೆ ಬಿಟ್ಟುಕೊಡುತ್ತದೆ. ಈ ನಳಿಕೆಯೂ ಹಾಗೆಯೇ, ತನ್ನ ಮೈಗೆ ಒಗ್ಗುವ ರಬ್ಬರನ್ನು ಹುಡುಕುತ್ತದೆ.

ಟೈರ್‌ಗೆ ಬಳಸುವ ಕೃತಕ ರಬ್ಬರ್ ಎಸ್‌ಬಿಆರ್‌ನ ಬೆಂಜೀನ್ ಉಂಗುರಗಳು ನಳಿಕೆಯ ಷಟ್ಕೋನ ಜಾಲಕ್ಕೆ ಹೊಂದುತ್ತವೆ. ಇನ್ನೊಂದು ಕೃತಕ ರಬ್ಬರ್ ಆದ ನೈಟ್ರೈಲ್‌ನ ಧ್ರುವೀಯ ಗುಂಪುಗಳೂ (ವಿದ್ಯುದಂಶ ಒಂದು ಕಡೆಗೆ ವಾಲಿದ ಪರಮಾಣು ಗುಂಪುಗಳು) ನಳಿಕೆಯನ್ನು ಸೆಳೆಯುತ್ತವೆ. ನೈಸರ್ಗಿಕ ರಬ್ಬರ್ ಬರಿಯ ಹೈಡ್ರೋಕಾರ್ಬನ್ (ಇಂಗಾಲ, ಜಲಜನಕ ಮಾತ್ರ), ಸೋಲಲೇಬೇಕು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ನರಸಿಂಹರಾಜಪುರದ ತೋಟಗಳಲ್ಲಿ ಚಿಪ್ಪಿಗೆ ತೊಟ್ಟಿಕ್ಕುವ ಆ ರಬ್ಬರ್ ಹಾಲಿನಲ್ಲಿ ಪ್ರೋಟೀನ್, ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುಗಳೂ ಇರುತ್ತವೆ. ಫಾಸ್ಫೋಲಿಪಿಡ್ ನಳಿಕೆಗೂ ರಬ್ಬರ್ ಸರಪಳಿಗೂ ನಡುವೆ ಕೊಂಡಿಯಾಗಬಲ್ಲದು. ಇಡೀ ವಿಷಯದಲ್ಲಿ ನನಗೆ ಸ್ವಾರಸ್ಯ ಕಂಡದ್ದು ಇದೇ.

ಒಲವಷ್ಟೇ ಸಾಲದು. ತೆಳುವಾಗಿ ಹರಿಯುವ ರಬ್ಬರ್ ನಳಿಕೆಗಳ ಗಂಟಿನೊಳಗೆ ಮೊದಲು ನುಗ್ಗುತ್ತದೆ. ಮಿಕ್ಸಿಂಗ್ ಬೇಗ ನಿಲ್ಲಿಸಿದರೆ ನಳಿಕೆಗಳು ಆ ರಬ್ಬರ್‌ನಲ್ಲಿಯೇ ಉಳಿದುಬಿಡಬಹುದು.

ನಳಿಕೆಗಳೆಲ್ಲ ಒಂದೇ ರಬ್ಬರ್‌ನಲ್ಲಿ ಸೇರಿ, ಆ ರಬ್ಬರ್ ಮಿಶ್ರಣದುದ್ದಕ್ಕೂ ಎಡೆಬಿಡದೆ ಹಬ್ಬಿದ್ದರೆ ಕಡಿಮೆ ನಳಿಕೆ ಹಾಕಿದರೂ ವಿದ್ಯುತ್ ಹರಿಯುತ್ತದೆ. ಗಟ್ಟಿತನ ಬೇಕಾದಾಗ ಮಾತ್ರ ಈ ಪಕ್ಷಪಾತ ತೊಂದರೆ: ನಳಿಕೆ ಸಿಗದ ಭಾಗ ಮೆತ್ತಗೇ ಉಳಿಯುತ್ತದೆ.