ಲೆಸ್ಟರ್‌ನಲ್ಲಿ ಹುಟ್ಟಿದ ಮಾತ್ರಕ್ಕೆ...

ಪತ್ರದ ಸಾರ: ಪುತ್ತೂರು ಕಡೆಯ ಈ ಓದುಗರು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್. 2018ರಲ್ಲಿ ಗಂಡ, ಮಗನೊಂದಿಗೆ ಬಂದವರು. ಮೂವರಿಗೂ 2023ರ ಕೊನೆಗೆ ಐಎಲ್‌ಆರ್ (ಇಲ್ಲಿ ಕಾಯಂ ಇರುವ ಅನುಮತಿ) ಸಿಕ್ಕಿದೆ. ಹತ್ತು ವರ್ಷದ ಮಗ ಮಂಗಳೂರಿನಲ್ಲಿ ಹುಟ್ಟಿದವನು, ಮಗಳು 2021ರಲ್ಲಿ ಲೆಸ್ಟರ್‌ನಲ್ಲೇ ಹುಟ್ಟಿದವಳು. ‘ಇಲ್ಲಿ ಹುಟ್ಟಿದ ಮಗು ಇಲ್ಲಿನದೇ, ಅವಳಿಗೆ ಅರ್ಜಿಯೇ ಬೇಡ’ ಎಂದು ಪಕ್ಕದ ಮನೆಯ ಗುಜರಾತಿ ಅಜ್ಜಿ ಹೇಳಿದ್ದಾರೆ. ಉಳಿದ ಮೂವರಿಗೆ ಬರುವ ತಿಂಗಳೇ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಬಹುದೇ, ಗಂಡನ ಪಾಲಿನ ಅಡಿಕೆ ತೋಟದ ಗತಿಯೇನು ಎಂಬುದು ಪ್ರಶ್ನೆ.

ಸಹೋದರಿ, ನಮಸ್ಕಾರ.

ಅಜ್ಜಿ ಸುಳ್ಳು ಹೇಳಿಲ್ಲ, ಹಳೆಯ ಮಾತು ಹೇಳಿದ್ದಾರೆ. 1972ರಲ್ಲಿ ಉಗಾಂಡಾದಿಂದ ಹೊರದಬ್ಬಿಸಿಕೊಂಡು ಬಂದವರ ಪೈಕಿ ಅವರೂ ಒಬ್ಬರು ಎಂದು ಬರೆದಿದ್ದೀರಿ. ಅವರ ಮಕ್ಕಳು ಹುಟ್ಟಿದ ಕಾಲಕ್ಕೆ ಈ ನೆಲದಲ್ಲಿ ಹುಟ್ಟಿದ್ದೇ ಸಾಕಿತ್ತು. 1981ರ ಪೌರತ್ವ ಕಾಯ್ದೆ ಅದನ್ನು ಬದಲಿಸಿತು. 1983ರ ಜನವರಿ 1ರಿಂದ ಈಚೆಗೆ ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಬ್ರಿಟಿಷ್ ಆಗಬೇಕಾದರೆ ಆ ದಿನ ತಂದೆ ತಾಯಿಯಲ್ಲಿ ಒಬ್ಬರಾದರೂ ಬ್ರಿಟಿಷ್ ಆಗಿರಬೇಕು, ಇಲ್ಲವೇ ಐಎಲ್‌ಆರ್‌ನಂಥ ಕಾಯಂ ವಾಸದ ಅನುಮತಿ ಹೊಂದಿರಬೇಕು. 2021ರಲ್ಲಿ ನೀವಿಬ್ಬರೂ ಇದ್ದದ್ದು ವೀಸಾದ ಮೇಲೆ. ಆದ್ದರಿಂದ ನಿಮ್ಮ ಮಗಳು ಸದ್ಯಕ್ಕೆ ಬ್ರಿಟಿಷ್ ಅಲ್ಲ.

ಗಾಬರಿ ಬೇಡ, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ಹಕ್ಕು ಇರುವುದು ಅವಳಿಗೇ. ಇಲ್ಲಿ ಹುಟ್ಟಿದ ಮಗುವಿಗೆ ಹದಿನೆಂಟು ತುಂಬುವುದರೊಳಗೆ ತಂದೆಗೋ ತಾಯಿಗೋ ಐಎಲ್‌ಆರ್ ಸಿಕ್ಕರೆ, ಎಂಎನ್1 ಫಾರಂ ತುಂಬಿ ಪೌರತ್ವಕ್ಕೆ ನೋಂದಾಯಿಸಿಕೊಳ್ಳುವುದು ಆ ಮಗುವಿನ ಹಕ್ಕು. ನೀವು ಬ್ರಿಟಿಷ್ ಆಗುವವರೆಗೆ ಅವಳು ಕಾಯಬೇಕಿಲ್ಲ. ಅವಳ ಅರ್ಜಿ ಈ ವಾರವೇ ಹೋಗಲಿ.

ಮಗನ ದಾರಿ ಬೇರೆ. ಹೊರಗೆ ಹುಟ್ಟಿದ ಮಗುವಿನ ನೋಂದಣಿ ಹಕ್ಕಲ್ಲ, ಹೋಮ್ ಆಫೀಸಿನ (ಇಲ್ಲಿನ ಗೃಹ ಇಲಾಖೆಯ) ವಿವೇಚನೆ. ತಂದೆ ತಾಯಿಯಲ್ಲಿ ಒಬ್ಬರು ಬ್ರಿಟಿಷ್ ಆಗುತ್ತಿದ್ದು ಇನ್ನೊಬ್ಬರಿಗೆ ಐಎಲ್‌ಆರ್ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವನದೂ ಎಂಎನ್1 ಫಾರಮ್ಮೇ. ನಿಮ್ಮ ಅರ್ಜಿಯ ಜೊತೆಗೇ ಹಾಕಿ. ಹತ್ತು ತುಂಬಿದವರಿಗೆ ‘ಸನ್ನಡತೆ’ಯ ಷರತ್ತೂ ಇದೆ. ಕ್ರಿಕೆಟ್ ಬಾಲಿನಿಂದ ಪಕ್ಕದ ಮನೆಯ ಕಿಟಕಿ ಒಡೆದದ್ದು ಅದರಲ್ಲಿ ಬರುವುದಿಲ್ಲ, ಪೊಲೀಸ್ ಮೊಕದ್ದಮೆ ಬರುತ್ತದೆ.

ಇನ್ನು ನಿಮ್ಮದು. ಬರುವ ತಿಂಗಳೇ ಹಾಕುತ್ತೇನೆ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಐಎಲ್‌ಆರ್ ಸಿಕ್ಕಿ ಹನ್ನೆರಡು ತಿಂಗಳು ಕಳೆದಿವೆ, ಸರಿ. ‘ಲೈಫ್ ಇನ್ ದಿ ಯುಕೆ’ ಪರೀಕ್ಷೆಯೂ ಇಂಗ್ಲಿಷಿನ ಷರತ್ತೂ ಐಎಲ್‌ಆರ್ ಹೊತ್ತಿಗೇ ಮುಗಿದಿವೆ, ಮತ್ತೆ ಬರೆಯಬೇಕಿಲ್ಲ. ತೊಡಕಿರುವುದು ದಿನಗಳ ಲೆಕ್ಕದಲ್ಲಿ. ಐದು ವರ್ಷದಲ್ಲಿ ದೇಶದ ಹೊರಗಿದ್ದದ್ದು 450 ದಿನ ಮೀರಬಾರದು, ಕೊನೆಯ ಹನ್ನೆರಡು ತಿಂಗಳಲ್ಲಿ 90 ಮೀರಬಾರದು. ತಂದೆಯವರ ಕಾಯಿಲೆಗೆಂದು ನೀವು ಒಬ್ಬರೇ ಹೋದದ್ದು 2024ರ ನವೆಂಬರ್ 4ಕ್ಕೆ, ಹೀಥ್ರೋದಲ್ಲಿ ಇಳಿದದ್ದು 2025ರ ಮಾರ್ಚ್ 2ಕ್ಕೆ. ಹೊರಟ ದಿನ, ಬಂದ ದಿನ ಲೆಕ್ಕಕ್ಕಿಲ್ಲ. ಅವನ್ನು ಬಿಟ್ಟರೂ 117 ದಿನ! ಸ್ವಲ್ಪ ಹೆಚ್ಚಾದರೆ ರಿಯಾಯಿತಿ ಕೊಡುವುದುಂಟು, ಆದರೆ ತಿರಸ್ಕಾರವಾದರೆ ಹಿಂದಿರುಗುವುದು ಪೌರತ್ವದ ಪ್ರಮಾಣ ಸಮಾರಂಭದ 130 ಪೌಂಡ್ ಮಾತ್ರ, ಉಳಿದದ್ದು ಹೋದಂತೆಯೇ. ಕಾದರೆ ತಾನಾಗಿ ಸರಿಹೋಗುವುದಕ್ಕೆ ಯಾಕೆ ಕೈ ಸುಟ್ಟುಕೊಳ್ಳಬೇಕು?

ಎಷ್ಟು ಕಾಯಬೇಕು? 2025ರ ಡಿಸೆಂಬರ್ 3ಕ್ಕೆ ಹಾಕಿದರೆ ಲೆಕ್ಕ 88ಕ್ಕೆ ಇಳಿಯುತ್ತದೆ. ಆದರೆ ಇನ್ನೊಂದು ಗಂಟಿದೆ. ಅರ್ಜಿಯ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಿದರೆ ಸಿಗುವ ಮೊದಲ ದಿನ ನೀವು ಈ ದೇಶದ ನೆಲದ ಮೇಲೇ ಇದ್ದಿರಬೇಕು. ನಿಮ್ಮ ತಮ್ಮನ ಮದುವೆಗೆ 2020ರ ಡಿಸೆಂಬರ್ 9ಕ್ಕೆ ಹೊರಟಿರಿ; ಕೊರೊನಾದ ಹೊಸ ತಳಿಯ ಭಯಕ್ಕೆ ವಿಮಾನಗಳೇ ನಿಂತು, ತಿರುಗಿ ಬಂದದ್ದು 2021ರ ಜನವರಿ 11ಕ್ಕೆ. ಅಂದರೆ ಡಿಸೆಂಬರ್ 7ರೊಳಗೆ ಹಾಕಬೇಕು, ತಪ್ಪಿದರೆ 2026ರ ಜನವರಿ 12ರವರೆಗೆ ಕಾಯಬೇಕು. ಜನವರಿಯೇ ವಾಸಿ ಎನ್ನುತ್ತೇನೆ, ಯಾಕೆಂದು ಕೊನೆಗೆ ಹೇಳುತ್ತೇನೆ.

ತಾರೀಕುಗಳನ್ನು ನೆನಪಿನಿಂದ ಬರೆಯಬೇಡಿ. ಇಲ್ಲಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಯಾರೂ ಸೀಲು ಒತ್ತುವುದಿಲ್ಲ; ಕೈಗೆ ಸಿಗುವುದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಿದ್ದ ಸೀಲು, ಅದು ಮರುದಿನದ್ದಾಗಿರುತ್ತದೆ. ನನ್ನ ಅರ್ಜಿಯ ಕಾಲದಲ್ಲಿ ಒಂದು ಸೀಲು ಮಸಿಯಾಗಿ 3ಓ 8ಓ ತಿಳಿಯದೆ, ಕಡೆಗೆ ಅಮ್ಮನ ಕಪಾಟಿನಲ್ಲಿ ಜಾತಕದ ಮಧ್ಯೆ ಸಿಕ್ಕ ಬೋರ್ಡಿಂಗ್ ಪಾಸಿನ ತುಂಡು ಕಾಪಾಡಿತು. ಹಳೆಯ ಇಮೇಲ್‌ಗಳಲ್ಲಿ ಟಿಕೆಟ್ ಹುಡುಕಿ, ಹಾಳೆಯಲ್ಲಿ ಸಾಲಾಗಿ ಬರೆದಿಟ್ಟುಕೊಳ್ಳಿ.

ಪರಿಚಯ ದೃಢೀಕರಿಸಲು ಇಬ್ಬರು ಬೇಕು. ಮೂರು ವರ್ಷದಿಂದ ಬಲ್ಲವರಾಗಿರಬೇಕು, ನೆಂಟರಾಗಿರಬಾರದು. ಮಕ್ಕಳಿಗಾದರೆ ಒಬ್ಬರು ಶಾಲೆಯ ಟೀಚರ್‌ನಂತೆ ತಮ್ಮ ವೃತ್ತಿಯ ಮೂಲಕ ಮಗುವನ್ನು ಬಲ್ಲವರಾಗಿರಬೇಕು.

ಖರ್ಚು? 2025ರ ಏಪ್ರಿಲ್ ದರದಂತೆ ದೊಡ್ಡವರಿಗೆ ಸಮಾರಂಭದ ಶುಲ್ಕವೂ ಸೇರಿ 1,735 ಪೌಂಡ್, ಮಕ್ಕಳಿಗೆ ತಲಾ 1,214. ನಾಲ್ವರಿಗೆ 5,898. ನಿಜಕ್ಕೂ ಕಟ್ಟಲಾಗದ ಮನೆಯವರಿಗೆ ಮಕ್ಕಳ ಶುಲ್ಕದ ಮನ್ನಾ 2022ರಿಂದ ಇದೆ. ಮಗುವಿನ ಹಕ್ಕನ್ನು ದಾಖಲಿಸಲು ಇಷ್ಟು ವಸೂಲಿ ಮಾಡುವುದು ನನಗಂತೂ ಸರಿ ಕಂಡಿಲ್ಲ.

ಆದರೆ ನಾಲ್ವರೂ ಯಾಕೆ? ನಿಮ್ಮ ಯಜಮಾನರ ಪ್ರಶ್ನೆ ತೋಟದ್ದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಸಮಾರಂಭದಲ್ಲಿ ಪ್ರಮಾಣ ಮಾಡಿದ ದಿನ ಭಾರತದ ಪೌರತ್ವ ಮುಗಿಯಿತು. ಆಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಿದರೆ ದಂಡ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆದು, ಬಳಿಕ ಒಸಿಐ ಕಾರ್ಡಿಗೆ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡು) ಹಾಕಬೇಕು. ಒಸಿಐ ಇದ್ದವರಿಗೆ ಪಿತ್ರಾರ್ಜಿತ ತೋಟ ಉಳಿಯುತ್ತದೆ, ಮುಂದೆ ಪಾಲಾಗಿಯೂ ಬರಬಹುದು. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂತೆಂದು ಕೊಳ್ಳುವಂತಿಲ್ಲ. ಊರಿನಲ್ಲಿ ವೋಟೂ ಇಲ್ಲ. ಕುಟುಂಬದ ಮನೆಯ ದೈವದ ನೇಮಕ್ಕೆ ಬಂದು ಗಂಧ ಪ್ರಸಾದ ತೆಗೆದುಕೊಳ್ಳಲು ಯಾರೂ ಕಾರ್ಡು ಕೇಳುವುದಿಲ್ಲ ಬಿಡಿ.

ಅವರಿಗೆ ತೋಟ ಬೆಳೆಸುವ ಆಸೆ ಇದೆಯೆಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅವರು ಐಎಲ್‌ಆರ್‌ನಲ್ಲೇ ಇರಲಿ, ಸತತ ಎರಡು ವರ್ಷ ಹೊರಗುಳಿಯದಿದ್ದರೆ ಅದು ಕೈಬಿಡುವುದಿಲ್ಲ. ಇಲ್ಲಿ ವೋಟು ಹಾಕಲೆಂದೂ ಅವರು ಪೌರತ್ವ ಪಡೆಯಬೇಕಿಲ್ಲ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಈಗಲೂ ಇಲ್ಲಿನ ಸಂಸತ್ ಚುನಾವಣೆಗೆ ಹೆಸರು ಸೇರಿಸಬಹುದು. ಹತ್ತು ಮಂದಿಯಲ್ಲಿ ಒಂಬತ್ತು ಜನರಿಗೆ ಇದು ಗೊತ್ತಿಲ್ಲ.

ಈಗ ಜನವರಿಯ ಮಾತು. ಜನವರಿ 12ಕ್ಕೆ ಹಾಕಿದರೆ ಹಿಂದಿನ ಹನ್ನೆರಡು ತಿಂಗಳ ಲೆಕ್ಕದಲ್ಲಿ ಉಳಿಯುವುದು 48 ದಿನ. ಇನ್ನೂ 42 ದಿನ ನಿಮ್ಮ ಕೈಯಲ್ಲಿವೆ. ತಾಯಿಯವರು ಮೊಮ್ಮಗಳನ್ನು ಇನ್ನೂ ಕಣ್ಣಾರೆ ಕಂಡಿಲ್ಲ ಎಂದು ಬರೆದಿದ್ದೀರಲ್ಲ, ದೀಪಾವಳಿಗೆ ಹೋಗಿ ಬನ್ನಿ. ಮಗಳ ಬ್ರಿಟಿಷ್ ಪಾಸ್‌ಪೋರ್ಟೂ ಭಾರತದ ವೀಸಾವೂ ಅಷ್ಟರಲ್ಲಿ ಕೈಗೆ ಬಂದಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ. ಬಾರದಿದ್ದರೆ ಹೊರಡಿಸಬೇಡಿ, ತಿರುಗಿ ಬರುವಾಗ ಹೀಥ್ರೋಗೆ ಹೋಗುವ ವಿಮಾನವನ್ನೇ ಹತ್ತಿಸಿಕೊಳ್ಳಲಿಕ್ಕಿಲ್ಲ.

— ಸಂ.