ಮೇನಲ್ಲಿ ಔಷಧಿ ಕುಡಿಸಿದರೂ ಹಸ್ತ ಮಳೆಗೆ ಕುರಿ ಸಾಯುವುದೇಕೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆ. ಮೇ ಕೊನೆಯಲ್ಲಿ ಇಡೀ ಹಿಂಡಿಗೆ ಜಂತುಹುಳುವಿನ ಔಷಧಿ ಆಲ್ಬೆಂಡಜೋಲ್ ಕುಡಿಸಿದ್ದೆವು. ಹಸ್ತ ಮಳೆ ಹೊತ್ತಿಗೆ ಗದ್ದದ ಕೆಳಗೆ ನೀರು ತುಂಬಿ ನಾಲ್ಕು ಮರಿ ಸತ್ತವು. ಭೇದಿಯೂ ಇರಲಿಲ್ಲ. ಔಷಧಿ ನಕಲಿಯೇ?

ಉತ್ತರ: ವರ್ಷ ವರ್ಷವೂ ಇದೇ ಪ್ರಶ್ನೆ. ಔಷಧಿಯನ್ನು ಬೈಯುವ ಮೊದಲು ದಿನ ಎಣಿಸಿ. ಆಲ್ಬೆಂಡಜೋಲ್ ಅಂದು ಒಳಗಿದ್ದ ಹುಳುವನ್ನು ಕೊಂದು ಕೆಲವೇ ದಿನದಲ್ಲಿ ಮೈಬಿಟ್ಟು ಹೋಗುತ್ತದೆ. ಜೂನ್‌ನಲ್ಲಿ ಹುಲ್ಲಿನ ಜೊತೆ ಸೇರುವ ಹುಳುವಿಗೆ ಅದು ಅಡ್ಡಿಯಲ್ಲ.

ನೀವು ಹೇಳುವ ಲಕ್ಷಣ ಹೀಮಾಂಕಸ್‌ನದು, ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳು. ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಭೇದಿಗಾಗಿ ಕಾದವರು ಮರಿ ಕಳೆದುಕೊಳ್ಳುತ್ತಾರೆ. ಬೇಸಿಗೆಯ ಬಯಲಲ್ಲಿ ಇದರ ಮೊಟ್ಟೆ ಒಣಗಿ ಸಾಯುತ್ತದೆ. ಹುಳು ಉಳಿಯುವುದು ಕುರಿಯೊಳಗೆ, ಹೊಟ್ಟೆಯ ಒಳಪದರದಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗಿ. ಮಳೆಗಾಲಕ್ಕೆ ಎದ್ದು ಬಲಿತರೆ ಒಂದು ಹೆಣ್ಣು ದಿನಕ್ಕೆ 5,000 ಮೊಟ್ಟೆಯನ್ನೂ ಇಡಬಲ್ಲದು. ಹಸಿ ಹಿಕ್ಕೆಯಲ್ಲಿ ಆ ಮೊಟ್ಟೆ ಸೋಂಕು ತರುವ ಮರಿಹುಳುವಾಗಲು ಸುಮಾರು ಒಂದು ವಾರ, ಕುರಿಯೊಳಗೆ ಬಲಿಯಲು ಮೂರು ವಾರ. ಜೂನ್ ಕೊನೆಯ ಆರಿದ್ರಾದಿಂದ ಸೆಪ್ಟೆಂಬರ್ ಕೊನೆಯ ಹಸ್ತಕ್ಕೆ ಮೂರು ತಲೆಮಾರು ಆಯಿತು.

ಇಡೀ ಹಿಂಡಿಗೆ ಕುಡಿಸಿದ್ದು ಇನ್ನೊಂದು ತಪ್ಪು. ಮೇನಲ್ಲಿ ನೆಲದಲ್ಲಿ ಹುಳುವೇ ಇಲ್ಲ, ಹಾಗಾಗಿ ಔಷಧಿ ಸೋಕದ ಹುಳು ಎಲ್ಲೂ ಉಳಿಯುವುದಿಲ್ಲ. ಔಷಧಿಗೆ ಜಗ್ಗದೆ ಉಳಿದ ನಾಲ್ಕು ಹುಳುವೇ ಮುಂದಿನ ಮಳೆಯ ಸಂತತಿಗೆಲ್ಲ ತಂದೆತಾಯಿ. ಮೈತುಂಬಿದ ದೊಡ್ಡ ಕುರಿಗಳನ್ನು ಔಷಧಿ ಕುಡಿಸದೆ ಬಿಟ್ಟುಬಿಡಿ. ಜುಲೈಯಿಂದ ನವೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೆಳರೆಪ್ಪೆ ಎಳೆದು ನೋಡಿ: ಕೆಂಪಿದ್ದರೆ ಬೇಡ, ಬಿಳಿಚಿದ್ದರೆ ಅಂದೇ ಕುಡಿಸಿ. ಮರಿಗಳಿಗೂ ಹಾಲೂಡುವ ಕುರಿಗಳಿಗೂ ತುಸು ಮಾಸಿದರೂ ಸಾಕು.

ಅಳತೆ ಕಣ್ಣಂದಾಜಿಗೆ ಬೇಡ, ತೂಗಿ. 2.5% ಆಲ್ಬೆಂಡಜೋಲ್ ಕೆಜಿಗೆ 7.5 ಮಿಗ್ರಾಂನಂತೆ 30 ಕೆಜಿ ಕುರಿಗೆ 9 ಮಿಲೀ. ನಾಲಿಗೆಯ ಬುಡಕ್ಕೆ ಬಿಡಬೇಕು; ಬಾಯಿಯ ಮುಂಭಾಗಕ್ಕೆ ಸುರಿದರೆ ಮೊದಲ ಹೊಟ್ಟೆ ತಪ್ಪಿಸಿ ಬೇಗ ಹೊರಟುಹೋಗುತ್ತದೆ. ಟಗರು ಕೂಡಿದ ಮೊದಲ ತಿಂಗಳು ಈ ಔಷಧಿ ಮುಟ್ಟಬೇಡಿ, ಭ್ರೂಣ ಕೆಡುತ್ತದೆ. ಕುಡಿಸುವ ದಿನವೂ ಹತ್ತು–ಹದಿನಾಲ್ಕು ದಿನದ ನಂತರವೂ ಹಿಕ್ಕೆ ಪರೀಕ್ಷೆ ಮಾಡಿಸಿ. ಮೊಟ್ಟೆಯ ಎಣಿಕೆ ಶೇ 95ರಷ್ಟು ಇಳಿಯದಿದ್ದರೆ ಬೇರೆ ಗುಂಪಿನ ಔಷಧಿಗೆ ಹೋಗಬೇಕು. ಬೇರೆ ಬ್ರ್ಯಾಂಡಿನ ಆಲ್ಬೆಂಡಜೋಲ್ ಕೊಂಡರೆ ಬದಲಿಸಿದಂತಲ್ಲ. ಬೇರೆ ಗುಂಪಿನ ಕ್ಲೋಸಾಂಟೆಲ್ ಆದರೆ ವೈದ್ಯರ ಕೈಯಿಂದಲೇ. ಮಿತಿ ಮೀರಿದರೆ ಕುರಿ ಕುರುಡಾಗುತ್ತದೆ.

ಪ್ರಶ್ನೆ: ಮೈಲುತುತ್ತದ ನೀರು ಕುಡಿಸಬಹುದೇ?

ಉತ್ತರ: ಹೇಳಿಕೊಟ್ಟವನಿಗೆ ಮೊದಲು ಕುಡಿಸಿ. ಮೈಲುತುತ್ತ ತಾಮ್ರದ ಲವಣ, ಕುರಿಗೆ ತಾಮ್ರ ಬಲುಬೇಗ ವಿಷ.

ಪ್ರಶ್ನೆ: ಹಿಕ್ಕೆಯಲ್ಲಿ ಅಕ್ಕಿಕಾಳಿನಂಥದ್ದು ಬೀಳುತ್ತಿದೆ.

ಉತ್ತರ: ಲಾಡಿಹುಳುವಿನ ತುಂಡು. ಕಣ್ಣಿಗೆ ಕಾಣುವುದರಿಂದ ಭಯ, ಅಷ್ಟೆ.

ಪ್ರಶ್ನೆ: ಬೇಸಿಗೆಯಲ್ಲೇ ನಾರುವ ಭೇದಿ. ಕೆರೆಯಂಗಳದಲ್ಲಿ ಮೇಯಿಸುತ್ತೇವೆ.

ಉತ್ತರ: ಕೆರೆ ಬತ್ತುವಾಗ ಬಸವನಹುಳುವಿನಿಂದ ಅಂಚಿನ ಹುಲ್ಲಿಗೆ ಅಂಟುವ ಚಪ್ಪಟೆಹುಳುವಿನ ಜಾತಿ ಇರಬಹುದು. ಇದಕ್ಕೆ ಆಲ್ಬೆಂಡಜೋಲ್ ದಂಡ, ಆಕ್ಸಿಕ್ಲೋಜನೈಡ್ ಬೇಕು. ಎಳೆಹುಳು ಮೊಟ್ಟೆ ಇಡುವುದಿಲ್ಲ, ಹಿಕ್ಕೆ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗಬೇಡಿ.