ಸಹಿ ಇರುವ ಮಿರೋ ಲಿಥೋಗ್ರಾಫ್ ತಗೊಳ್ಳಬಹುದಾ? ಮೊದಲು ಫ್ರೇಮ್ ಬಿಚ್ಚಿಸಿ

ಪ್ಯಾರಿಸ್‌ಗೆ ಹೋಗುವವರಿದ್ದೀರಿ. ಅಲ್ಲಿನ ಅಂಗಡಿಯವರು ಸ್ಪೇನ್‌ನ ಕಲಾವಿದ ಜುವಾನ್ ಮಿರೋ ಸಹಿ ಇರುವ ಲಿಥೋಗ್ರಾಫ್‌ನ ಫೋಟೊ ಕಳಿಸಿದ್ದಾರೆ, ಎರಡೂವರೆ ಲಕ್ಷ ಹೇಳಿದ್ದಾರೆ, ಸರ್ಟಿಫಿಕೇಟೂ ಕೊಡುತ್ತಾರಂತೆ. ತಗೊಂಡರೆ ಮುಂದೆ ಬೆಲೆ ಏರುತ್ತದಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನಗೆ ಎದೆ ಧಸಕ್ಕೆಂದಿತು. ಊರು ಅದೇ. ಕಲಾವಿದ ಅವನೇ. ಬೆಲೆ ಕೂಡ ಹೆಚ್ಚುಕಮ್ಮಿ ಅಷ್ಟೇ.

2013ರಲ್ಲಿ ನಾವು ಪ್ಯಾರಿಸ್‌ನಲ್ಲಿದ್ದೆವು. ನನ್ನ ಗಂಡನ ಕೆಲಸಕ್ಕಾಗಿ ಹೋದದ್ದು. ಆ ಬೇಸಿಗೆಯಲ್ಲಿ ದಕ್ಷಿಣ ಫ್ರಾನ್ಸ್‌ನ ಸೇಂಟ್ ಪಾಲ್ ದ ವಾನ್ಸ್‌ಗೆ ಹೋಗಿ ಮಾಗ್ ಫೌಂಡೇಶನ್ ಅನ್ನುವ ಆಧುನಿಕ ಕಲೆಯ ಮ್ಯೂಸಿಯಂ ನೋಡಿದೆವು. ಪೈನ್ ಮರಗಳ ನಡುವೆ ಇರುವ ಜಾಗ, 1964ರಲ್ಲಿ ತೆರೆದದ್ದು. ಅಲ್ಲಿನ ತೋಟದ ಒಂದು ಭಾಗ ಪೂರ್ತಿ ಮಿರೋನದು. ಶಿಲ್ಪಗಳು, ಸೆರಾಮಿಕ್ಸ್, ಗೋಡೆಯ ಮೇಲೆ ಗೆರೆ. ಒಳಗೆ ಬಂದರೆ ಅವನ ಪ್ರಿಂಟ್‌ಗಳು. ದಪ್ಪ ಕಪ್ಪು ಗೆರೆ, ಒಂದು ಕೆಂಪು ಚುಕ್ಕಿ, ಒಂದು ನಕ್ಷತ್ರ. ಬೆಳಗ್ಗೆ ಎದ್ದು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿ ಬೆಳೆದವಳು ನಾನು. ಆ ಚುಕ್ಕಿಗಳ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ. ಒಂದಾದರೂ ಮನೆಯಲ್ಲಿ ಇರಬೇಕು ಅನ್ನಿಸಿತು.

ಪ್ಯಾರಿಸ್‌ಗೆ ವಾಪಸ್ ಬಂದವಳೇ ಓದಲು ಕೂತೆ. ಲಿಥೋಗ್ರಾಫ್ ಅಂದರೆ ನಮ್ಮ ಕಲ್ಲಚ್ಚು. 1796ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಸೆನೆಫೆಲ್ಡರ್ ಕಂಡುಹಿಡಿದದ್ದು. ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡು ಇರುವ ಕಡೆ ನೀರು ನಿಲ್ಲುವುದಿಲ್ಲ. ಆಮೇಲೆ ಜಿಡ್ಡಿನ ಶಾಯಿ ಉರುಳಿಸಿದರೆ ಅದು ಗೆರೆಗೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ. ಬಣ್ಣಕ್ಕೊಂದು ಕಲ್ಲು ಬೇಕು. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ತೆಗೆದದ್ದೂ ಹೀಗೇ ಕಲ್ಲಚ್ಚಿನಲ್ಲಿ. ಅದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಓದಿದ ಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೂಪ್ ಕೊಂಡೆ. ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾದ ಪೋಸ್ಟರ್ ಅನ್ನು ಲೂಪ್ ಇಟ್ಟು ನೋಡಿದರೆ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿಗಳಾಗಿ, ಹೂವಿನ ಎಸಳಿನ ಹಾಗೆ ಸಾಲಾಗಿ ಕಾಣುತ್ತದೆ. ಕಲ್ಲಚ್ಚಿನಲ್ಲಿ ಆ ಲೆಕ್ಕಾಚಾರದ ಸಾಲು ಇರುವುದಿಲ್ಲ. ಬಣ್ಣ ಒಂದೋ ಪೂರ್ತಿ ತುಂಬಿರುತ್ತದೆ, ಇಲ್ಲವೇ ಕಡ್ಡಿ ಕಲ್ಲಿನ ಮೇಲೆ ಉಜ್ಜಿದ ತರಿತರಿ ಕಾಣುತ್ತದೆ. ಇದು ನೀವೂ ಮಾಡಬೇಕಾದ ಕೆಲಸ. ಆದರೆ ಇದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಸೆನ್ ನದಿಯ ಎಡದಂಡೆಯಲ್ಲಿ ಪ್ರಿಂಟ್ ಅಂಗಡಿಗಳಿರುವ ಬೀದಿಗಳಿವೆ. ಅಲ್ಲೊಂದು ಅಂಗಡಿಯಲ್ಲಿ ಅದು ಸಿಕ್ಕಿತು. ಕಪ್ಪು ಗೆರೆಯ ಹಕ್ಕಿ, ಕೆಂಪು, ಹಳದಿ, ಒಂದು ಮೂಲೆಯಲ್ಲಿ ನೀಲಿ. ಬಲಗಡೆ ಕೆಳಗೆ ಪೆನ್ಸಿಲ್‌ನಲ್ಲಿ 'ಮಿರೋ'. ಎಡಗಡೆ 43/75, ಅಂದರೆ 75 ಪ್ರತಿಗಳಲ್ಲಿ 43ನೆಯದು. ಚಿತ್ರದ ಸುತ್ತ ದಪ್ಪ ಕಾಗದದ ಚೆಂದದ ಮೌಂಟ್, ಬೂದುಬಣ್ಣದ ಫ್ರೇಮ್, ಗಾಜು. ಗಾಜಿನ ಮೇಲೇ ಲೂಪ್ ಇಟ್ಟು ನೋಡಿದೆ. ಚುಕ್ಕಿ ಸಾಲು ಇರಲಿಲ್ಲ. ನಿಜವಾದ ಲಿಥೋಗ್ರಾಫ್. ನಡುವೆ ಮೇಲಿಂದ ಕೆಳಗೆ ಒಂದು ತೆಳು ಗೆರೆ ಇತ್ತು, ಮಡಿಕೆಯ ಹಾಗೆ. ಕೇಳಿದೆ. 'ಯಾರೋ ಒಂದು ಸಲ ಮಡಚಿಟ್ಟಿದ್ದಾರೆ ಅಷ್ಟೇ, ಹಳೇ ಕಾಗದ ನೋಡಿ' ಅಂದರು. ಹಿಂಭಾಗ ನೋಡಬಹುದಾ ಅಂತಲೂ ಕೇಳಿದೆ. 'ಬಿಚ್ಚಿದರೆ ಫ್ರೇಮ್ ಹಾಳಾಗುತ್ತದೆ, ಮತ್ತೆ ಕಟ್ಟು ಹಾಕಿಸಬೇಕು, ಸರ್ಟಿಫಿಕೇಟ್ ಇದೆಯಲ್ಲ' ಅಂದರು. ನಾನು ಸುಮ್ಮನಾದೆ. 2,800 ಯೂರೊ ಕೊಟ್ಟೆ. ಆಗಿನ ಲೆಕ್ಕದಲ್ಲಿ ಎರಡು ಲಕ್ಷ ದಾಟಿತ್ತು.

ನನ್ನ ತಪ್ಪು ಇದೇ. ಸಹಿ ಗುರುತಿಸಲು ಬರಲಿಲ್ಲ ಅನ್ನುವುದಲ್ಲ. ಅದು ನನಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಆ ಫ್ರೇಮ್ ಬಿಚ್ಚಿಸದೆ ಬಂದೆ, ಅದು ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಗಾಜು ಮತ್ತು ಮೌಂಟ್ ಸೇರಿ ಒಂದು ಪ್ರಿಂಟ್‌ನ ಅರ್ಧ ಕಥೆಯನ್ನು ಮುಚ್ಚಿಡುತ್ತವೆ. ಮೌಂಟ್ ಕೆಳಗೆ ಹಾಳೆಯ ಅಂಚು ಅಡಗಿರುತ್ತದೆ. ಹಾಗಾಗಿ ಹಾಳೆಯ ನಿಜವಾದ ಅಳತೆ ಗೊತ್ತಾಗುವುದಿಲ್ಲ. ಸಂಖ್ಯೆ ಹಾಕಿ, ಸಹಿ ಮಾಡಿ ಮಾರುವ ಪ್ರಿಂಟ್‌ಗೆ ಸಾಮಾನ್ಯವಾಗಿ ಸುತ್ತ ಖಾಲಿ ಅಂಚು ಬಿಟ್ಟಿರುತ್ತಾರೆ, ಸಹಿ ಅಲ್ಲೇ ಬೀಳುತ್ತದೆ. ನನ್ನದರಲ್ಲಿ ಅಂಚೇ ಇರಲಿಲ್ಲ, ಚಿತ್ರ ಹಾಳೆಯ ತುದಿಯವರೆಗೂ ಹೋಗಿತ್ತು. ಮೌಂಟ್ ಇದ್ದದ್ದರಿಂದ ಅದು ಕಾಣಲಿಲ್ಲ. ಸಹಿ ಚಿತ್ರದೊಳಗೇ ಇತ್ತು, ಅದೂ ನನಗೆ ವಿಚಿತ್ರ ಅನ್ನಿಸಲಿಲ್ಲ. ಕಾಗದ ಆರ್ಶ್‌ದೋ ರೀವ್‌ದೋ (ಪ್ರಿಂಟ್‌ಗೆ ಬಳಸುವ ಫ್ರೆಂಚ್ ಕಾಗದಗಳು) ಅಂತ ಹೇಳುವ ವಾಟರ್‌ಮಾರ್ಕ್ ಬೆಳಕಿಗೆ ಹಿಡಿದರೆ ತಾನೇ ಕಾಣುವುದು? ಕಟ್ಟು ಹಾಕಿದ ಹಾಳೆಯನ್ನು ಬೆಳಕಿಗೆ ಹಿಡಿಯಲು ಆಗುವುದಿಲ್ಲ. ಇನ್ನು ಹಿಂಭಾಗ. ಹಿಂಭಾಗದಲ್ಲಿ ಏನಿತ್ತು ಅಂತ ನನಗೆ ಗೊತ್ತಾದದ್ದು ಏಳು ವರ್ಷ ಆದ ಮೇಲೆ.

2020ರಲ್ಲಿ ಊರಿಗೆ ವಾಪಸ್ ಹೊರಟೆವು. ಸಾಮಾನು ಕಟ್ಟುವಾಗ ಗಾಜು ಒಡೆದೀತು ಅಂತ ಅಕ್ರಿಲಿಕ್ ಹಾಕಿಸಲು ಬೀದಿಯ ಕೊನೆಯಲ್ಲಿದ್ದ ಫ್ರೇಮಿನವರ ಹತ್ತಿರ ಒಯ್ದೆ. ವಯಸ್ಸಾದವರು. ಹಿಂದಿನ ಕಂದು ಟೇಪನ್ನು ಬ್ಲೇಡಿನಿಂದ ನಿಧಾನಕ್ಕೆ ಕೊಯ್ದು, ಹಲಗೆ ತೆಗೆದು, ಹಾಳೆ ತಿರುಗಿಸಿದರು. ಏನೂ ಮಾತಾಡಲಿಲ್ಲ. ನನ್ನ ಕಡೆಗೆ ಸರಿಸಿದರು. ಹಿಂದೆ ಫ್ರೆಂಚ್‌ನಲ್ಲಿ ಎರಡು ಕಾಲಂ ಪಠ್ಯ ಅಚ್ಚಾಗಿತ್ತು. ಅದು ಪತ್ರಿಕೆಯ ಹಾಳೆ.

ಮಾರನೇ ದಿನ ಒಂದು ಹರಾಜು ಮನೆಯ ಪ್ರಿಂಟ್ ತಜ್ಞೆಗೆ ಫೋನ್ ಮಾಡಿದೆ. ಹಾಳೆ ಎಷ್ಟು ಎತ್ತರ ಇದೆ ಅಂತ ಕೇಳಿದರು. ಅಳೆಯಲು ಟೇಪು ಹುಡುಕುತ್ತಿದ್ದೆ, ಅಷ್ಟರಲ್ಲಿ ಅವರೇ '38 ಸೆಂಟಿಮೀಟರಾ?' ಅಂದರು. ಹೌದು, 38.

ನಾವು ನೋಡಿದ ಮಾಗ್ ಫೌಂಡೇಶನ್ ಕಟ್ಟಿಸಿದ ಮನೆತನದ್ದೇ ಪ್ಯಾರಿಸ್‌ನ ಮಾಗ್ ಗ್ಯಾಲರಿ. ಅವರು 1946ರಿಂದ 1982ರವರೆಗೆ ಒಂದು ಪತ್ರಿಕೆ ತೆಗೆಯುತ್ತಿದ್ದರು. ತಮ್ಮ ಪ್ರದರ್ಶನಗಳಿಗೆ ಕ್ಯಾಟಲಾಗ್ ಇದ್ದ ಹಾಗೆ. ಅದರೊಳಗೆ ಮಿರೋ, ಶಗಾಲ್, ಬ್ರಾಕ್, ಕಾಲ್ಡರ್ ಅಂಥ ಕಲಾವಿದರ ನಿಜವಾದ ಲಿಥೋಗ್ರಾಫ್‌ಗಳೇ ಇರುತ್ತಿದ್ದವು. ಹಾಳೆಗಳು ಸುಮಾರು 38 ಸೆಂಟಿಮೀಟರ್ ಎತ್ತರ, 28 ಅಗಲ. ಎರಡು ಪುಟದ ಚಿತ್ರವಾದರೆ 56 ಅಗಲ, ನಡುವೆ ಮಡಿಕೆ. ಅವುಗಳಿಗೆ ಸಹಿ ಇರುತ್ತಿರಲಿಲ್ಲ, ಸಂಖ್ಯೆಯೂ ಇರುತ್ತಿರಲಿಲ್ಲ. ಸಂಚಿಕೆಯಿಂದ ಹಾಳೆ ತೆಗೆದು, ಮೇಲೆ ಪೆನ್ಸಿಲ್‌ನಲ್ಲಿ ಮಿರೋ ಅಂತ ಯಾರೋ ಬರೆದು, 43/75 ಅಂತ ಒಂದು ಸಂಖ್ಯೆ ಹಾಕಿ ಕಟ್ಟು ಹಾಕಿಸಿದ್ದರು. ಇಂಥ ಕೆಲವು ಚಿತ್ರಗಳನ್ನು ಮಿರೋ ಬೇರೆ ಒಳ್ಳೇ ಕಾಗದದ ಮೇಲೆ, ಅಗಲ ಅಂಚು ಬಿಟ್ಟು ಅಚ್ಚು ಹಾಕಿಸಿ ಸಹಿ ಮಾಡಿದ್ದೂ ಉಂಟು. ಅದಕ್ಕೇ ಈ ಮೋಸ ನಡೆಯುತ್ತದೆ. ಆದರೆ ಅವುಗಳಲ್ಲಿ ಮಡಿಕೆ ಇರುವುದಿಲ್ಲ, ಹಿಂದೆ ಪಠ್ಯ ಇರುವುದಿಲ್ಲ.

ಪತ್ರಿಕೆಯ ಹೆಸರು 'ದೆರಿಯೆರ್ ಲ ಮಿರ್ವಾರ್'. ಕನ್ನಡಿಯ ಹಿಂದೆ ಅಂತ ಅರ್ಥ.

ಆ ಅಂಗಡಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಸರ್ಟಿಫಿಕೇಟ್ ತೆಗೆದು ಮತ್ತೆ ಓದಿದೆ. 'ಮೂಲ ಲಿಥೋಗ್ರಾಫ್' ಅಂತ ಇತ್ತು, ಅದು ಸುಳ್ಳಲ್ಲ. ಸಹಿಯ ಬಗ್ಗೆ ಒಂದು ಪದವೂ ಇರಲಿಲ್ಲ. ಏಳು ವರ್ಷ ಅದನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೆ.

ಊರಿಗೆ ಬಂದ ಮೇಲೆ ಅಕ್ಕನಿಗೆ ಹೇಳಿದೆ. ಅವಳಿಗೆ ಮಿರೋ ಯಾರು ಅಂತ ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು, 'ಅಲ್ವೇ, ಐದು ಸಾವಿರದ ಸೀರೆ ತಗೊಳ್ಳುವಾಗ ಸೆರಗು ಮಗುಚಿ ಒಳಮಗ್ಗುಲು ನೋಡ್ತೀಯ. ಇದನ್ನ ನೋಡಲಿಲ್ವಾ?' ಅಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೆಲೆ ಏರುತ್ತದಾ ಅಂತ ಕೇಳುತ್ತಿದ್ದೀರಿ. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಒಂದು ಪ್ರಿಂಟ್ ಮಾರಲು ಹೋಗಿ ನೋಡಿ. ಹರಾಜಿನಲ್ಲಿ ಕೊಳ್ಳುವವರು ಕೂಗಿದ ಬೆಲೆಯ ಮೇಲೆ ಕಾಲು ಭಾಗದಷ್ಟು ಕಮಿಷನ್ ಕೊಡಬೇಕಾಗುತ್ತದೆ, ಅದನ್ನು ಲೆಕ್ಕ ಹಾಕಿಯೇ ಕೂಗುತ್ತಾರೆ. ಮಾರುವ ನಿಮ್ಮಿಂದಲೂ ಒಂದಷ್ಟು ಹೋಗುತ್ತದೆ. ಬೆಂಗಳೂರಿಂದ ವಾಪಸ್ ಕಳಿಸುವ ಖರ್ಚು ಬೇರೆ. ಹೂಡಿಕೆ ಬೇಕಾದರೆ ಬೇರೆ ದಾರಿ ಬೇಕಾದಷ್ಟಿವೆ. ಗೋಡೆಯ ಮೇಲೆ ದಿನಾ ನೋಡಲು ಬೇಕಾ, ಆಗ ಮಾತಾಡೋಣ.

ನೋಡಲು ಬೇಕಾದರೆ ಸಹಿ ಯಾಕೆ? ಕಲ್ಲಿನಿಂದ ಕಾಗದಕ್ಕೆ ಇಳಿದ ಗೆರೆಯೇ ಕಲೆ. ಪೆನ್ಸಿಲ್ ಗುರುತಿಗಾಗಿ ಹತ್ತು ಇಪ್ಪತ್ತು ಪಟ್ಟು ಜಾಸ್ತಿ ಕೊಡುತ್ತೇವೆ, ಮೋಸವೂ ಅಲ್ಲೇ ನಡೆಯುತ್ತದೆ. 1974ರಲ್ಲಿ ಫ್ರಾನ್ಸ್‌ನ ಕಸ್ಟಮ್ಸ್‌ನವರು ಒಂದು ಲಾರಿ ತಡೆದಾಗ ಅದರಲ್ಲಿ ಸ್ಪೇನ್‌ನ ಇನ್ನೊಬ್ಬ ಕಲಾವಿದ ಸಾಲ್ವಡಾರ್ ದಾಲಿ ಸಹಿ ಮಾಡಿದ್ದ 40,000 ಖಾಲಿ ಹಾಳೆ ಸಿಕ್ಕವು. ಅಲ್ಲಿ ಸಹಿ ನಿಜ, ಚಿತ್ರವೇ ಇಲ್ಲ. ನನ್ನದರಲ್ಲಿ ಚಿತ್ರ ನಿಜ, ಸಹಿ ಸುಳ್ಳು. ಇದಾದ ಮೇಲೆ ದಾಲಿ ಪ್ರಿಂಟ್ ಬಗ್ಗೆ ಯಾರು ಕೇಳಿದರೂ ಬೇಡ ಅಂತಲೇ ಹೇಳುತ್ತೇನೆ.

ನಾನಾದರೆ ಏನು ಮಾಡುತ್ತೇನೆ ಅಂದರೆ, ಆ ಪತ್ರಿಕೆಯ ಇಡೀ ಸಂಚಿಕೆಯನ್ನೇ ಕೊಳ್ಳುತ್ತೇನೆ. ಮೇಲಿನ ರಕ್ಷಾಪುಟ ಸಮೇತ, ಸಹಿ ಇಲ್ಲದ್ದು. ಹೊರಡುವ ಮುಂಚೆ ನನ್ನ ಹಾಳೆ ಬಂದ ಸಂಚಿಕೆಯನ್ನೇ ಹುಡುಕಿ ತಗೊಂಡೆ. 90 ಯೂರೊ. ಅದೇ ಹಕ್ಕಿ, ಅದೇ ಕೆಂಪು. ಏಳು ವರ್ಷ ಗೋಡೆಯ ಮೇಲಿದ್ದದ್ದಕ್ಕಿಂತ ಇದರ ಬಣ್ಣ ಗಾಢವಾಗಿತ್ತು, ಬಿಸಿಲು ಕಂಡಿರಲಿಲ್ಲವಲ್ಲ. ಇದನ್ನು ಸುಳ್ಳು ಸಹಿಯಿಂದ ಮಾರಲು ಯಾರಿಗೂ ಕಾರಣವಿಲ್ಲ, ಏಕೆಂದರೆ ಸಹಿ ಇಲ್ಲ ಅಂತಲೇ ಮಾರುತ್ತಾರೆ.

ಇಲ್ಲ, ಸಹಿ ಇರುವುದೇ ಬೇಕು ಅಂತೀರಾ? ಹಾಗಾದರೆ ಮಿರೋನ ಲಿಥೋಗ್ರಾಫ್‌ಗಳ ಪೂರ್ತಿ ಪಟ್ಟಿ ಆರು ಸಂಪುಟಗಳಲ್ಲಿದೆ. ಯಾವ ಚಿತ್ರ, ಯಾವ ಕಾಗದ, ಹಾಳೆಯ ಅಳತೆ ಎಷ್ಟು, ಎಷ್ಟು ಪ್ರತಿಗೆ ಸಹಿ ಮಾಡಿದ ಅಂತ ಅದರಲ್ಲಿದೆ. ಅಂಗಡಿಯವರನ್ನು ಪಟ್ಟಿಯ ನಂಬರ್ ಕೇಳಿ. ಹಾಳೆ ಅಳೆದು ಹೋಲಿಸಿ. ಇದಕ್ಕೂ ಎಚ್ಚರ ಬೇಕು: ಆ ಸಂಪುಟಗಳೊಳಗೂ ಸಹಿಯಿಲ್ಲದ ಮೂಲ ಲಿಥೋಗ್ರಾಫ್‌ಗಳನ್ನು ಸೇರಿಸಿದ್ದರು, ಅವನ್ನೂ ಕಿತ್ತು ಸಹಿ ಹಾಕಿ ಮಾರುವವರಿದ್ದಾರೆ. ಬಿಲ್‌ನಲ್ಲೇ 'ಸಹಿ ಕಲಾವಿದನ ಕೈಯದ್ದು' ಅಂತ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ. ಫ್ರೆಂಚ್‌ನಲ್ಲಿ 'ದಾಪ್ರೆ' ಅನ್ನುವ ಪದ ಕಂಡರೆ, ಅದು ಅವನ ಚಿತ್ರ ನೋಡಿ ಬೇರೆಯವರು ಕಲ್ಲಿನ ಮೇಲೆ ಮಾಡಿದ್ದು ಅಂತ ಅರ್ಥ. ತರುವಾಗ ಕಸ್ಟಮ್ಸ್‌ನಲ್ಲಿ ಸುಂಕದ ಪಟ್ಟಿಯ 9702 ಅನ್ನುವ ಶೀರ್ಷಿಕೆ ಕೇಳಿ. ಕಲಾವಿದ ಕೈಯಿಂದಲೇ ಮಾಡಿದ ಪ್ಲೇಟ್‌ನ ಮೂಲ ಪ್ರಿಂಟ್‌ಗಳಿಗೆ ಇರುವುದು ಅದು, ಫೋಟೊ ವಿಧಾನದ ಅಚ್ಚು ಅದರಲ್ಲಿ ಬರುವುದಿಲ್ಲ. ಇನ್ನು ಮನೆಯಲ್ಲಿ ಬಿಸಿಲು ಬೀಳದ ಗೋಡೆ, ಆಸಿಡ್ ಇಲ್ಲದ ಮೌಂಟ್. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ.

ಇನ್ನೊಂದು ಮಾತು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿದ್ದೀರಾ? ಪೇಂಟಿಂಗ್‌ಗಳ ನಡುವೆ ಎಚಿಂಗ್ (ಲೋಹದ ತಗಡಿನ ಅಚ್ಚು), ವುಡ್‌ಕಟ್ (ಮರದ ಅಚ್ಚು) ಮಾಡುವ ಹುಡುಗ ಹುಡುಗಿಯರೂ ಕೂತಿರುತ್ತಾರೆ. ನಾನು ಅಲ್ಲಿಂದ ತಂದ ಒಂದು ವುಡ್‌ಕಟ್ ನಮ್ಮ ಊಟದ ಮೇಜಿನ ಎದುರಿಗಿದೆ. ಸಹಿ ನನ್ನ ಕಣ್ಣೆದುರೇ ಹಾಕಿಕೊಟ್ಟರು. ಮರ ಕೆತ್ತಲು ಎಷ್ಟು ದಿನ ಹಿಡಿಯಿತು ಅಂತ ಕೇಳಿದೆ, ಅರ್ಧ ಗಂಟೆ ಮಾತಾಡಿದರು. ಎರಡೂವರೆ ಲಕ್ಷದಲ್ಲಿ ಇಂಥವು ಎಷ್ಟು ಬರುತ್ತವೆ ಯೋಚಿಸಿ.

ಮಿರೋ ಹಾಳೆಯನ್ನು ನಾನು ಮಾರಲಿಲ್ಲ. ಬೇರೆಯವರ ಕೈಗೆ ಹೋದರೆ ಅವರೂ ಮೋಸ ಹೋಗುತ್ತಾರೆ. ಹಿಂಭಾಗದಲ್ಲಿ, ಪಠ್ಯದ ಕೆಳಗಿನ ಖಾಲಿ ಜಾಗದಲ್ಲಿ, ಮೆತ್ತನೆ ಪೆನ್ಸಿಲ್‌ನಲ್ಲಿ 'ಅಚ್ಚು ಮಿರೋನದು, ಸಹಿ ಅವನದಲ್ಲ' ಅಂತ ಕನ್ನಡದಲ್ಲೂ ಫ್ರೆಂಚ್‌ನಲ್ಲೂ ಬರೆದು ತಾರೀಕು ಹಾಕಿ ಮತ್ತೆ ಕಟ್ಟು ಹಾಕಿಸಿದ್ದೇನೆ.

ನೀವು ಹಾಕಿರುವ ಫೋಟೊದಲ್ಲಿ ನಡುವೆ ಒಂದು ತೆಳು ಗೆರೆ ಇದೆ. ಗಾಜಿನ ಮೇಲೆ ಬಿದ್ದ ಬೆಳಕೂ ಇರಬಹುದು. ಫ್ರೇಮ್ ಬಿಚ್ಚಿ ಹಿಂಭಾಗದ ಫೋಟೊ ಕಳಿಸಲು ಅವರಿಗೆ ಹೇಳಿ, ಹಾಳೆಯ ಎತ್ತರವನ್ನೂ ಅಳೆಸಿ. ಬಂದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.